ಸತ್ಯಪ್ಪ ಪೈಲವಾನನ ತುಲಾಭಾರ

ಪರಮಪೂಜ್ಯ ಶ್ರೀ ಗುರುಬಾಳಪ್ಪ ಅಜ್ಜನವರ ದರ್ಶನಕ್ಕೆಂದು ಮೊದಲ ಸಲ ಬೆಳವಲಕೊಪ್ಪದ ಮಠಕ್ಕೆ ಬಂದವರು ನೇರವಾಗಿ ಗದ್ದುಗೆಯ ಕಡೆಗೆ ಹೋಗಿ, ಅಲ್ಲಿ ಯಾರೂ ಕಾಣದೆ ತಬ್ಬಿಬ್ಬಾಗುತ್ತಿದ್ದರು. ಅಜ್ಜನವರು ಇರುತ್ತಿದ್ದದ್ದು ಅಡುಗೆಮನೆಯ ಹಿಂದೆ, ಬೀಸುಕಲ್ಲಿನ ಮುಂದೆ. ದಾಸೋಹದ ಜೋಳವನ್ನು ಅವರೇ ಬೀಸುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಆ ಪರಿಪಾಠ ತಪ್ಪಲಿಲ್ಲ. ಒಣಗಿದ ಕಟ್ಟಿಗೆಯಂಥ ಆ ಶರೀರದಲ್ಲಿ ಅಷ್ಟು ಕಸುವು ಎಲ್ಲಿಂದ ಬರುತ್ತಿತ್ತೋ, ಶಿವನೇ ಬಲ್ಲ.

ಅದೇ ಊರಿನ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ ಸತ್ಯಪ್ಪ. ಅಖಾಡಕ್ಕೆ ಇಳಿದು ತೊಡೆ ತಟ್ಟಿದನೆಂದರೆ ಸುತ್ತಲ ಊರಿನ ಜಟ್ಟಿಗಳ ಎದೆ ನಡುಗುತ್ತಿತ್ತು. ಅವನ ತಾಯಿ ಬಾಳವ್ವ ಪ್ರತಿ ಶ್ರಾವಣದಲ್ಲಿ ಮಗನನ್ನು ಮಠದ ತಕ್ಕಡಿಯಲ್ಲಿ ಕೂಡಿಸಿ, ಅವನ ತೂಕದ ಬೆಲ್ಲವನ್ನು ದಾಸೋಹಕ್ಕೆ ಒಪ್ಪಿಸುತ್ತಿದ್ದಳು. ಒಂದು ವರ್ಷ ವಿಷಮಶೀತ ಜ್ವರ ಅವನನ್ನು ಹಾಸಿಗೆಗೆ ಕೆಡವಿತು. ಜೀವ ಉಳಿಯಿತು, ಆದರೆ ಮೈ ಕರಗಿ ಹೋಯಿತು. ತೋಳಿನ ಚರ್ಮ ಜೋತುಬಿತ್ತು. ಮಗ ಮೊದಲಿನ ತೂಕಕ್ಕೆ ಬಂದರೆ ಅಷ್ಟೂ ತೂಕದ ಬೆಲ್ಲ ಕೊಡುವೆನೆಂದು ಬಾಳವ್ವ ಹರಕೆ ಹೊತ್ತಳು.

ಹರಕೆಯೇನೋ ಹೊತ್ತಾಯಿತು, ಶ್ರಾವಣ ಹತ್ತಿರ ಬರುತ್ತಿತ್ತು. ತಾಯಿ ಮಗ ಇಬ್ಬರಿಗೂ ಒಂದೇ ಆತುರ. ಜ್ವರದಿಂದ ಎದ್ದ ಹೊಟ್ಟೆಗೆ ಪೈಲವಾನರ ಖುರಾಕು ಶುರುವಾಯಿತು: ಬಾದಾಮಿ, ಪೇಡೆ, ಕಾಯಿಸಿದ ತುಪ್ಪ, ಚೊಂಬುಗಟ್ಟಲೆ ಹಾಲು. ಗರಡಿಯ ಕಡೆಗೆ ಮಾತ್ರ ಅವನು ತಲೆ ಹಾಕಲಿಲ್ಲ. ಶಿಷ್ಯರು ಈ ಮೈಯನ್ನು ನೋಡಿದರೆ ಏನೆಂದಾರು ಎಂಬ ಸಂಕೋಚ.

ತುಲಾಭಾರದ ದಿನ ತಕ್ಕಡಿ ಹೋದ ಶ್ರಾವಣದಷ್ಟೇ ಬೆಲ್ಲಕ್ಕೆ ಸಮ ನಿಂತಿತು. ನೆರೆದವರು ಜಯಘೋಷ ಮಾಡಿದರು. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅಜ್ಜನವರು ಕೈಗೆ ಮೆತ್ತಿದ ಹಿಟ್ಟನ್ನು ಕೊಡವುತ್ತ ಬಂದರು.

"ಸತ್ಯಪ್ಪಾ, ತಕ್ಕಡಿ ಇಳದು ನೆಲದ ಮ್ಯಾಲ ಕೂಡು," ಎಂದರು. ಅವನು ಕೂತ.

"ಈಗ ಕೈ ಊರದ ಏಳು."

ಸತ್ಯಪ್ಪ ಮೈ ಬಿಗಿಹಿಡಿದು ಎದ್ದ, ಅರ್ಧಕ್ಕೇ ಹಿಂದಕ್ಕೆ ಬಿದ್ದ. ಇನ್ನೊಮ್ಮೆ ಯತ್ನಿಸಿದ, ಮತ್ತೆ ಬಿದ್ದ. ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ತೂಕ ಬಂದೈತಿ, ಮೈ ಬಂದಿಲ್ಲ," ಎಂದರು ಅಜ್ಜನವರು. "ಯವ್ವಾ, ಈ ಬೆಲ್ಲ ಮನಿಗೆ ಒಯ್ಯಿ."

ಸಲ್ಲಿಸಲು ತಂದ ಹರಕೆ ಹಿಂದಕ್ಕೆ ಬಂದ ದುಃಖಕ್ಕೆ ಆ ತಾಯಿ ದಾರಿಯುದ್ದಕ್ಕೂ ಅತ್ತಳು. ಸತ್ಯಪ್ಪ ಮಾತ್ರ ಕೆಂಡವಾಗಿದ್ದ. "ತುತ್ತು ಎಣಿಸಿ ಉಣ್ಣೋ ಸನ್ಯಾಸಿಗೆ ಪೈಲವಾನನ ಮೈ ಏನ ತಿಳೀತೈತಿ?" ಎಂದು ಅಂದೂಬಿಟ್ಟ. ಆದರೆ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಕೂತು ಏಳುವ ಬೈಠಕ್ ಹೊಡೆಯಲು ನಿಂತ. ಸ್ವಲ್ಪ ಹೊತ್ತಿಗೇ ಗೋಡೆ ಹಿಡಿದು ಕುಸಿದ. ಇನ್ನು ತನ್ನ ಕಥೆ ಮುಗಿಯಿತೆಂದು ಅವನಿಗೆ ಆಗ ನಿಜವಾಗಿಯೂ ಅನಿಸಿತು.

ಮರುದಿನ ಮುಂಜಾನೆ ಅವನು ಒಬ್ಬನೇ ಮಠಕ್ಕೆ ಬಂದು ಬೀಸುಕಲ್ಲಿನ ಎದುರು ತಲೆ ತಗ್ಗಿಸಿ ನಿಂತ. ಅಜ್ಜನವರು ನಿನ್ನೆಯ ಮಾತನ್ನು ಎತ್ತಲೇ ಇಲ್ಲ.

"ಹಸಿವು ಆಗತೈತೇನು?" ಎಂದು ಕೇಳಿದರು.

ಸತ್ಯಪ್ಪ ಯೋಚಿಸಿದ. ಹಸಿದು ಉಂಡದ್ದು ಯಾವಾಗ ಎಂದು ನೆನಪಾಗಲಿಲ್ಲ. "ಇಲ್ರಿ ಅಜ್ಜಾರ."

"ಮತ್ತ ಯಾಕ ಉಣ್ಣತಿ?"

ಅವನು ತನ್ನ ತೋಳನ್ನು ಮುಟ್ಟಿ ನೋಡಿಕೊಂಡ. "ಅಂಜಿಕಿ ಆಗತೈತ್ರಿ. ಈ ಮೈ ಹೋದ್ರ ನಾ ಯಾರ್ರಿ?"

"ಅಂಜಿಕಿಗೆ ಉಣಿಸಿದ್ರ ಅಂಜಿಕೀನ ದಪ್ಪ ಆಗತೈತಿ. ಕೂಡು, ಗೂಟ ಹಿಡಿ."

ಬೀಸುವುದು ಹೆಂಗಸರ ಕೆಲಸವೆಂದು ಆ ಸೀಮೆಯ ಗಂಡಸರು ಕಲ್ಲಿನ ಹತ್ತಿರ ಸುಳಿಯುತ್ತಿರಲಿಲ್ಲ. ನೀರು ತರಲು ಬಂದ ಹೆಣ್ಣುಮಕ್ಕಳು, "ಪೈಲವಾನಪ್ಪಗ ಹೊಸ ಜೋಡಿ ಸಿಕ್ಕೈತಿ ನೋಡ್ರಿ," ಎಂದು ಚೇಷ್ಟೆ ಮಾಡಿದರು. ಸತ್ಯಪ್ಪ ಹಲ್ಲು ಕಚ್ಚಿ ಗೂಟ ಎಳೆದ. ಎದುರಿಗೆ ಅದೇ ಗೂಟ ಹಿಡಿದು ಅಜ್ಜನವರು ಕೂತಿದ್ದರು. ಮೊದಮೊದಲು ಕಲ್ಲು ತಿರುಗುತ್ತಿದ್ದದ್ದು ಆ ವೃದ್ಧರ ಬಲದಿಂದಲೇ. ಅವನು ದಣಿದಾಗ ಅವರೇ ನಿಲ್ಲಿಸುತ್ತಿದ್ದರು, ಹಟ ಹಿಡಿದರೂ ಮುಂದುವರಿಸಲು ಬಿಡುತ್ತಿರಲಿಲ್ಲ.

ಊಟವನ್ನೂ ಅವರೇ ಬಡಿಸಿದರು. ಮೊದಲು ಅಂಬಲಿ, ಮಜ್ಜಿಗೆ, ಮೆತ್ತಗೆ ಬೆಂದ ಹೆಸರುಬೇಳೆ. ಹೊಟ್ಟೆ ಅದನ್ನು ಅರಗಿಸಿಕೊಂಡು ಇನ್ನಷ್ಟು ಬೇಡತೊಡಗಿದ ಮೇಲೆ ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಗಟ್ಟಿ ಮೊಸರು, ನೆನೆಸಿದ ಶೇಂಗಾ. ಬೀಸುವುದು ಹಗುರವಾದಾಗ ಬಾವಿಯಿಂದ ನೀರು ಸೇದಲು ಹಚ್ಚಿದರು. ಅದೂ ಹಗುರವಾದಾಗ, "ಇನ್ನ ಗರಡಿ ಮಣ್ಣ ಅಗಿ ಹೋಗು, ಹುಡುಗ್ರ ಮುಂದನ ಅಗಿ," ಎಂದರು. ಅವನು ಅಂಜುತ್ತಲೇ ಹೋದ. ವಸ್ತಾದರು ಬೆವರಿಳಿಸಿ ಮಣ್ಣು ಅಗಿಯುವುದನ್ನು ಕಂಡ ಶಿಷ್ಯರು ಓಡಿ ಬಂದು ಕಾಲು ಮುಟ್ಟಿದರು.

ಹೊಟ್ಟೆಯ ಬೊಜ್ಜು ಇಳಿಯಿತು. ತೂಕವೂ ಇಳಿದದ್ದು ಕಂಡು ಬಾಳವ್ವ ಕಳವಳಗೊಂಡಳು. ತಿಂಗಳುಗಳು ಉರುಳಿದಂತೆ ಭುಜ ತುಂಬಿತು, ತೊಡೆ ಗಟ್ಟಿಯಾಯಿತು. ಮುಂದಿನ ಶ್ರಾವಣದಲ್ಲಿ ಮೊದಲಿನಷ್ಟೇ ಬೆಲ್ಲ ಏರಿಸಿದರೆ ಸತ್ಯಪ್ಪನ ತಟ್ಟೆ ತುಸು ಮೇಲೇ ನಿಂತಿತು. ಹರಕೆ ತೀರಲಿಲ್ಲವೇನೋ ಎಂದು ತಾಯಿ ಅಜ್ಜನವರ ಮುಖ ನೋಡಿದಾಗ, ಅವರು ಹೆಚ್ಚಾದ ಬೆಲ್ಲವನ್ನು ತಾವೇ ತಕ್ಕಡಿಯಿಂದ ತೆಗೆದಿಟ್ಟರು. "ಮಗಾ ಪೂರಾ ಬಂದಾನ ಯವ್ವಾ. ನಿನ್ನ ಹರಕಿ ಮುಟ್ಟೇತಿ," ಎಂದರು.

ಇಲ್ಲಿಂದ ಮುಂದೆ ಸತ್ಯಪ್ಪ ದೊಡ್ಡ ಕುಸ್ತಿ ಗೆದ್ದನೆಂದು ಕೇಳಲು ಕಾದಿರುವ ಭಕ್ತರು ಕ್ಷಮಿಸಬೇಕು. ಅವನು ಸೋತ. ಆ ಚಳಿಗಾಲದಲ್ಲಿ ನೆರೆಯೂರಿನ ಅಖಾಡದಲ್ಲಿ ಹರೆಯದ ಜಟ್ಟಿಯೊಬ್ಬ ಬಹಳ ಹೊತ್ತು ಸೆಣಸಿ ಅವನ ಬೆನ್ನನ್ನು ಮಣ್ಣಿಗೆ ಹಚ್ಚಿದ. ಸತ್ಯಪ್ಪ ಎದ್ದು ಆ ಹುಡುಗನ ಕೈ ಎತ್ತಿ ಹಿಡಿದು ಜನಕ್ಕೆ ತೋರಿಸಿ, ಮೈ ಸಹ ತೊಳೆಯದೆ ನೇರ ಮಠಕ್ಕೆ ನಡೆದು ಬಂದ.

"ಸೋತೆ ಅಜ್ಜಾರ."

ಅಜ್ಜನವರು ಎದ್ದು ತಮ್ಮ ಹೆಗಲ ವಸ್ತ್ರದಿಂದ ಅವನ ಬೆನ್ನಿನ ಮಣ್ಣು ಒರೆಸಿದರು. "ಅಂಜಿಕಿ ಬಂತೇನು?"

ಸತ್ಯಪ್ಪ ತನ್ನೊಳಗೆ ಹುಡುಕಿದ. ಕೆಳಗೆ ಬಿದ್ದಾಗ, ಜನ ಕೂಗಿದಾಗ, ಒಬ್ಬನೇ ದಾರಿ ನಡೆದಾಗ... ಎಲ್ಲಿಯೂ ಅದು ಇರಲಿಲ್ಲ.

"ಇಲ್ರಿ," ಎಂದ. ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಆ ಗಟ್ಟಿ ಆಳು ಮಗುವಿನಂತೆ ಅತ್ತು ಅಜ್ಜನವರ ಪಾದದ ಮೇಲೆ ಬಿದ್ದ.

ಅಜ್ಜನವರು ತಲೆ ಸವರಿ, "ಏಳು, ಕೈಕಾಲು ತೊಳಕೊಂಡು ಬಾ. ಪಂಕ್ತಿ ಕುಂತೈತಿ," ಎಂದಷ್ಟೇ ನುಡಿದರು. ಸೋತ ದಿನ ಅಷ್ಟು ಸಂತೋಷದಿಂದ ಉಂಡ ಪೈಲವಾನನನ್ನು ಆ ಪಂಕ್ತಿಯಲ್ಲಿ ಕೂತವರಾರೂ ಅದಕ್ಕೂ ಮುಂಚೆ ಕಂಡಿರಲಿಲ್ಲ.