ಗಾಜಿನ ಮಾಡಿನ ಕೊಳ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಒಡೆಯರು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಕಣಿವೆಪುರದ ಪೇಟೆಯಲ್ಲಿ ಡಂಗುರ ಬಿದ್ದಾಗ ದುಗ್ಗ ಚಾಪೆ ಮಾರುತ್ತಿದ್ದ. ರಾಜಕುಮಾರಿ ಏಳು ವರ್ಷದ ಮಗು, ಅವಳಿಗೆ ಉಸಿರೇ ಕಟ್ಟುತ್ತದೆ, ಎದೆಯೊಳಗೆ ಸಿಳ್ಳೆ ಹಾಕಿದ ಹಾಗೆ ಸದ್ದಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಸಿಳ್ಳೆ ಎಂಥದ್ದೆಂದು ದುಗ್ಗನಿಗೆ ಗೊತ್ತಿತ್ತು. ಅವನ ತಂಗಿ ಅದೇ ಸದ್ದು ಮಾಡುತ್ತ ಅವನ ತೋಳಲ್ಲೇ ಹೋಗಿದ್ದಳು.

ಅರಮನೆಯ ವೈದ್ಯರ ಯಾವ ಮದ್ದೂ ಮಗುವಿಗೆ ನಾಟಿರಲಿಲ್ಲ. "ನನಗೇನಾಗುತ್ತೆ ಅಂತಲೇ ತಿಳಿಯದವರ ಮದ್ದು ನನಗೆ ಬೇಡ" ಎಂದು ಹಟ ಹಿಡಿದ ಹೊನ್ನಾಂಬೆ ತಾನೇ ಒಗಟು ಕಟ್ಟಿದ್ದಳು. ತಲೆಯ ಮಾತು ಸೇರಿಸಿದವನು ರಾಜ ಚಿತ್ರಶೇಖರ. ಮಾತಾಡಿದಷ್ಟೂ ಮಗಳ ಉಸಿರು ಖರ್ಚಾಗುತ್ತದೆ, ಕಂಡಕಂಡವರು ಬಂದು ಅವಳನ್ನು ದಣಿಸಬಾರದು ಎಂದು ಅವನ ಯೋಚನೆ. ತಲೆ ಹೋಗುವ ವಿಷಯವನ್ನು ಮಗುವಿಗೆ ಯಾರೂ ಹೇಳಿರಲಿಲ್ಲ.

ಮೊದಲು ಹೋದ ಮಂತ್ರವಾದಿಯೊಬ್ಬ ಮೊದಲ ಒಗಟಿಗೇ ಸೋತ. ಅವನ ತಲೆ ಹೋಯಿತು. ಆಮೇಲೆ ಬಂದ ಪಂಡಿತರೊಬ್ಬರು ಎರಡು ಬಿಡಿಸಿ ಮೂರನೆಯದರಲ್ಲಿ ತಪ್ಪಿ, ತಲೆ ಹೋಗುವ ದಿನ ಕಾಯುತ್ತ ಸೆರೆಯಲ್ಲಿ ಕೂತಿದ್ದರು. ಇಷ್ಟೆಲ್ಲ ಕೇಳಿಯೂ ದುಗ್ಗ ಅರಮನೆಗೆ ಹೋದ. ಗೆಲ್ಲುತ್ತೇನೆಂಬ ಧೈರ್ಯ ಅವನಿಗಿರಲಿಲ್ಲ. ಮನೆಯಲ್ಲಿ ಕೂತಿರಲು ಆಗಲಿಲ್ಲ, ಅಷ್ಟೇ.

ಕಾವಲಿನವರು ಅವನನ್ನು ಕೊಳದ ಮನೆಗೆ ಕರೆದೊಯ್ದರು. ರಾಣಿ ಹೊಳೆಯಲ್ಲಿ ಮುಳುಗಿ ಸತ್ತ ಮೇಲೆ, ಮಗಳಿಗಾದರೂ ಈಜು ಬರಲಿ ಎಂದು ರಾಜ ಅರಮನೆಯೊಳಗೇ ಕೊಳ ಕಟ್ಟಿಸಿದ್ದ. ಚಳಿಗಾಳಿ ಸೋಕದಂತೆ ಗಾಜಿನ ಮಾಡು, ಬಿಗಿಯಾದ ಬಾಗಿಲು. ನೀರು ಪಾಚಿಗಟ್ಟದಂತೆ ಹಡಗಿನ ವ್ಯಾಪಾರಿಗಳಿಂದ ತರಿಸಿದ ಬಿಳಿ ಪುಡಿಯನ್ನು ದಿನವೂ ಸುರಿಯುತ್ತಿದ್ದರು. ಮಗುವಿಗೆ ಆ ಕೊಳವೆಂದರೆ ಪ್ರಾಣ. ದಿನದ ಬಹುಪಾಲು ಅಲ್ಲೇ ಇರುತ್ತಿದ್ದಳು.

ಒಳಗೆ ಕಾಲಿಡುತ್ತಲೇ ದುಗ್ಗನಿಗೆ ಘಾಟು ಮೂಗಿಗೆ ಅಡರಿ ಕೆಮ್ಮು ಬಂತು. ಕಣ್ಣು ಉರಿಯಿತು. ಕಾವಲಿನವರ ಕಣ್ಣೂ ಕೆಂಪಗಿತ್ತು, ದಾದಿ ಈರವ್ವನ ಕಣ್ಣೂ ಕೆಂಪಗಿತ್ತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಲೇ ನಿಂತಿದ್ದರು.

ಆಗತಾನೆ ನೀರಿನಿಂದ ಎದ್ದ ಹೊನ್ನಾಂಬೆ ಮೆಟ್ಟಿಲ ಮೇಲೆ ಕೂತಿದ್ದಳು. ಹೆಗಲು ಮೇಲೆ ಕೆಳಗೆ ಆಡುತ್ತಿತ್ತು. ಹತ್ತಿರದಲ್ಲೇ ರಾಜ ನಿಂತಿದ್ದ.

"ಈ ಮನೆ ತುಂಬ ಇದೆ, ಬಡವರ ಗುಡಿಸಲಲ್ಲೂ ಇದೆ. ಎಲ್ಲರಿಗೂ ಬೇಕಾದಷ್ಟು ಸಿಗುತ್ತೆ. ನನಗೆ ಮಾತ್ರ... ಹುಲ್ಲುಕಡ್ಡಿಯ ತೂತಿನಷ್ಟು. ಏನದು?"

ಮಂತ್ರವಾದಿ ಇದಕ್ಕೆ ಬೆಳಕು ಎಂದಿದ್ದನಂತೆ. ದುಗ್ಗ, "ಗಾಳಿ ಕಣವ್ವ" ಎಂದ.

ಮಗು ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿತು. "ಮಲಗಿದರೆ ಎದೆ ಮೇಲೆ ಹತ್ತಿ ಕೂರುತ್ತೆ. ಎದ್ದು ಕೂತರೆ ಸ್ವಲ್ಪ ಜರುಗುತ್ತೆ. ಹಾಡೋದು ಅದು, ಬಾಯಿ ನನ್ನದು."

"ಗೂರಲು, ಉಬ್ಬಸ ಅಂತಾರಲ್ಲ ಅದು" ಎಂದ ದುಗ್ಗ. "ನನ್ನ ತಂಗಿಯ ಎದೆ ಮೇಲೂ ಕೂರುತ್ತಿತ್ತು."

ಮೂರನೆಯದನ್ನು ಕೇಳುವ ಮೊದಲು ಹೊನ್ನಾಂಬೆ ತಂದೆಯ ಕಡೆ ನೋಡಿ, ನೋಟ ಕೆಳಗಿಳಿಸಿದಳು. "ನಾನು ಮುಳುಗಬಾರದು ಅಂತ ಕಟ್ಟಿದ್ದು. ಅದರೊಳಗೆ ನಾನು ತೇಲುತ್ತೇನೆ. ಆಮೇಲೆ... ದಂಡೆ ಮೇಲೆ ಬಂದು ಮುಳುಗುತ್ತೇನೆ."

ಪಂಡಿತರು ಇದಕ್ಕೆ ದೋಣಿ ಎಂದಿದ್ದರು. ದುಗ್ಗನಿಗೆ ಉತ್ತರ ಎದುರಿಗೇ ಕಾಣುತ್ತಿತ್ತು. ಹೇಳಿದರೂ ತಲೆ ಉಳಿಯುವ ಭರವಸೆ ಇರಲಿಲ್ಲ. ಮಗುವಿನ ಸಿಳ್ಳೆ ಮಾತ್ರ ನಿಲ್ಲದೆ ಕೇಳುತ್ತಿತ್ತು.

"ಈ ಕೊಳ, ಬುದ್ಧಿ" ಎಂದ ರಾಜನ ಕಡೆ ತಿರುಗಿ. "ಈ ಪುಡಿಯ ಘಾಟು ಹೊರಗೆ ಹೋಗೋಕೆ ಇಲ್ಲಿ ಒಂದು ಕಿಂಡಿಯೂ ಇಲ್ಲ. ನಮಗೆಲ್ಲ ಬರೀ ಕಣ್ಣುರಿ. ಎಳೇ ಎದೆ, ಮಗುವಿಗೆ ಉಸಿರೇ ಕಟ್ಟುತ್ತೆ."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. "ಇದನ್ನು ಯಾಕೆ ಕಟ್ಟಿಸಿದೆ ಗೊತ್ತೇನೋ ನಿನಗೆ?"

"ಗೊತ್ತು ಬುದ್ಧಿ."

ರಾಜ ಮಗಳ ಮುಂದೆ ಮಂಡಿಯೂರಿದ. "ಅವನು ಹೇಳಿದ್ದು ಸರಿಯೇನಮ್ಮ?"

"ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲಪ್ಪ" ಎಂದಳು ಹೊನ್ನಾಂಬೆ.

ರಾಜ ಈರವ್ವನತ್ತ ನೋಡಿದ. "ನಿನಗೆ ಗೊತ್ತಿತ್ತೇ?"

"ಎಲ್ಲರಿಗೂ ಗೊತ್ತಿತ್ತು ಬುದ್ಧಿ" ಎಂದು ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದೇ ಮಾಡು ಬಿಚ್ಚಿಸಿದರು. ಕೊಳ ಬರಿದಾಯಿತು. ಬೇಡಿದ್ದು ಕೊಡುತ್ತೇನೆಂದಾಗ ದುಗ್ಗ ಪಂಡಿತರ ಬಿಡುಗಡೆ ಕೇಳಿದ. ರಾಜ ಅದನ್ನು ಕೊಟ್ಟು, ಮನೆ ಹೊಲಗಳನ್ನೂ ಕೊಟ್ಟು, ಮಗಳ ಬಳಿಯೇ ಇರು ಎಂದ. ಮಂತ್ರವಾದಿಯ ತಾಯಿ ಒಮ್ಮೆ ಅರಮನೆಯ ಬಾಗಿಲಿಗೆ ಬಂದು ನಿಂತಳು. ರಾಜನೇ ಹೊರಗೆ ಬಂದ. ಅವಳೆದುರು ತಲೆ ತಗ್ಗಿಸಿ ನಿಂತ. ಅವಳು ಅವನನ್ನು ಒಮ್ಮೆ ನೋಡಿ ಹೊರಟುಹೋದಳು.

ಬೇಸಿಗೆಯಿಡೀ ಹೊನ್ನಾಂಬೆ ಓಡಾಡಿಕೊಂಡಿದ್ದಳು. ರೋಗ ಹೋಯಿತೆಂದು ರಾಜ ಊರಿಗೆಲ್ಲ ಸಿಹಿ ಹಂಚಿದ. ಮಾಗಿಯ ಒಂದು ಬೆಳಿಗ್ಗೆ ಮಂಜು ದಟ್ಟವಾಗಿ ಬಿದ್ದಿತ್ತು. ಸಿಳ್ಳೆ ಮತ್ತೆ ಶುರುವಾಯಿತು.

ರಾಜ ದುಗ್ಗನ ಭುಜ ಹಿಡಿದು ಅಲುಗಾಡಿಸಿದ. "ಕೊಳ ಬರಿದು ಮಾಡಿಸಿದೆ. ಪುಡಿಯನ್ನೆಲ್ಲ ಹೂಳಿಸಿದೆ. ಇನ್ನೇನು ಮಾಡಲಿ? ಹೇಳೋ, ನಿನಗೆ ಗೊತ್ತಿರಬೇಕು!"

"ಗೊತ್ತಿಲ್ಲ ಬುದ್ಧಿ" ಎಂದ ದುಗ್ಗ. "ಒಮ್ಮೆ ಬಂದ ಗೂರಲು ದಾರಿ ಮರೆಯಲ್ಲ. ಮೊದಲಿನಷ್ಟು ಸಲ ಬರಲಿಕ್ಕಿಲ್ಲ. ಬಂದಾಗ ಮಗುವನ್ನು ಮಲಗಿಸಬೇಡಿ. ನೀವೇ ಎದೆಗೆ ಒರಗಿಸಿಕೊಂಡು ಕೂತಿರಿ."

"ಎಷ್ಟು ಹೊತ್ತು?"

"ಅದು ಇಳಿಯೋವರೆಗೂ."

ರಾಜ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತು ಮಗಳನ್ನು ಎದೆಗೆ ಒರಗಿಸಿಕೊಂಡ. ಅವಳು ಎಳೆದುಕೊಳ್ಳುವ ಒಂದೊಂದು ಉಸಿರೂ ಅವನ ಪಕ್ಕೆಗೆ ತಾಗುತ್ತಿತ್ತು. ಮಂತ್ರಿಗಳು ಹೊರಗೆ ಕಾದು ಕಾದು ಹಿಂದಿರುಗಿದರು. ಬಿಸಿಲು ಕಿಟಕಿ ದಾಟಿ ಒಳಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಸಿಳ್ಳೆ ಸಣ್ಣಗಾಗಿ ಹೊನ್ನಾಂಬೆಗೆ ನಿದ್ದೆ ಹತ್ತಿತು. ಅವಳು ಏಳುವವರೆಗೂ ರಾಜ ಚಾಚಿದ ಕಾಲನ್ನು ಮಡಿಸಲಿಲ್ಲ.