ವಾಡೆಗೆ ಬಂದ ಐರಾಣಿ ಗಡಿಗೆ

ದೇಸಾಯರಿಗೆ ಊರ ಕುಂಬಾರನನ್ನು ಕಂಡರೆ ಹೊಟ್ಟೆಕಿಚ್ಚು. ಯಾರದೇ ಮದುವೆಯಿರಲಿ, ಹೆಣ್ಣುಮಕ್ಕಳು ಬಾಜಾ ಬಾರಿಸಿಕೊಂಡು ಕುಂಬಾರನ ಮನೆಗೆ ಹೋಗಿ, ಗಡಿಗೆ ಮಾಡುವ ತಿಗರಿಗೆ ಪೂಜೆ ಮಾಡಿ, ಅವನಿಗೆ ಉಡುಗೊರೆ ಕೊಟ್ಟು ಐರಾಣಿ ಗಡಿಗೆ ತರಬೇಕು. ಆ ಗಡಿಗೆ ಬರದೆ ತಾಳಿ ಕಟ್ಟುವಂತಿಲ್ಲ. ಬಾಜಾ ಪ್ರತಿ ಸಲವೂ ದೇಸಾಯರ ವಾಡೆಯ ಮುಂದೆ ಹಾಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ದೇಸಾಯರ ಹೊಟ್ಟೆಯಲ್ಲಿ ಕುಂಬಾರನ ಆವಿಗೆಯೇ ಉರಿಯುತ್ತಿತ್ತು.

ಕಡೆಗೊಮ್ಮೆ ಅವನನ್ನು ಕರೆಸಿದರು. "ದೇಸಾಯಿ ಮನೆತನ ಇರೋ ಊರಾಗ ನಿನಗ್ಯಾಕಲೇ ಮೊದಲ ಮಾನ? ನಾಳಿ ಶೆಟ್ಟರ ಮದುವಿ ಐರಾಣಿ ನಮ್ಮ ವಾಡೇದಿಂದನ ಹೋಗಬೇಕು!"

"ಆಗ್ಲಿ ಧಣ್ಯಾರ" ಎಂದ ಕುಂಬಾರ. ಹೋಗುವಾಗ ಶೆಟ್ಟರ ಮನೆಯ ಮುದುಕಿಯ ಕಿವಿಯಲ್ಲಿ ಏನೋ ಊದಿದ. ಬೆಳಗಾಗುತ್ತಲೇ ತಿಗರಿ, ಗಡಿಗೆಗಳನ್ನು ವಾಡೆಗೆ ತಂದಿಟ್ಟು ಮೂಲೆಯಲ್ಲಿ ನಿಂತ.

ಬಾಜಾ ಬಂತು. ವಾಡೆಯ ಮುಂದೆ ನಿಂತಿತು! ದೇಸಾಯರು ಮೀಸೆ ತಿರುವಿ ತಮ್ಮ ಕೈಯಾರೆ ಗಡಿಗೆ ಎತ್ತಿಕೊಟ್ಟರು. ಮುದುಕಿ ಅವರ ಕೈಗೆ ಉಡುಗೊರೆಯಿಟ್ಟು ಅಂದಳು: "ಚಲೋ ಆತು ಕುಂಬಾರಪ್ಪ. ನಮ್ಮ ನೀರಿನ ಹರವಿ ಸೋರಾಕತ್ತೈತಿ, ಒಂದು ಹೊಸಾದು ಮಾಡಿಕೊಡು."

"ಏ ಮುದುಕಿ, ನಾ ದೇಸಾಯಿ!"

"ಐರಾಣಿ ಕೊಡಾವ್ರು ಕುಂಬಾರ್ರ ಅಲ್ಲೇನ್ರೀ? ದೇಸಾಯರು ಕೊಟ್ರ ಅದು ಬರೇ ಗಡಿಗಿ."

ನೆರೆದವರೆಲ್ಲ ಹೌದೆಂದು ತಲೆಯಾಡಿಸಿದರು. ಆಗ ಮೂಲೆಯಿಂದ ಕುಂಬಾರ ಮೆಲ್ಲಗೆ ಮುಂದೆ ಬಂದ.

"ಧಣ್ಯಾರ, ನೀವು ಕುಂಬಾರ್ರಾದ್ರ ದೇಸಾಯಿ ಅನ್ನೋ ಅಡ್ಡಹೆಸರು ಈಗ ಖಾಲಿ ಬಿದ್ದೈತಲ್ರೀ. ಯಾರೂ ಇಟ್ಕೊಳ್ಳದಿದ್ರ, ನಾ ಇಟ್ಕೋತೀನ್ರಿ."

ತಿಗರಿ ಆ ಗಳಿಗೆಗೇ ಕುಂಬಾರನ ಮನೆಗೆ ಮರಳಿತು. ಹೊತ್ತವರು ದೇಸಾಯರ ಆಳುಗಳು. ಹಿಂದೆ ಬಾಜಾ, ಅದರ ಹಿಂದೆ ಇಡೀ ಊರು. ಅಷ್ಟು ದೊಡ್ಡ ಮೆರವಣಿಗೆ ಕುಂಬಾರನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಕಟ್ಟೆಯ ಮೇಲೆ ದೇಸಾಯರು ಹೊಟ್ಟೆಯ ಉರಿಗೆ ನೀರು ಕೇಳಿದರು.