ಓಬಮ್ಮನ ಬದುವಿನ ಹೊಂಗೆ

ಮೇಕೆಗಳಿಗೆ ಸೊಪ್ಪು ಕಡಿಯುವ ಮುನ್ನ ಸಣ್ಣೀರಮ್ಮ ಮಚ್ಚಿನ ಹಿಂಬದಿಯಿಂದ ಮರದ ಬೊಡ್ಡೆಗೆ ಮೆಲ್ಲಗೆ ತಟ್ಟುತ್ತಿದ್ದಳು. ಮೇಲೆ ಕಾಡುಪಾಪ ಮಲಗಿದ್ದರೆ ಎದ್ದು ಪಕ್ಕದ ಮರಕ್ಕೆ ಸರಿದುಕೊಳ್ಳಲಿ ಅಂತ.

ಕಾಡುಪಾಪ ಪುಟ್ಟ ಪ್ರಾಣಿ. ಮುಖದ ತುಂಬ ಕಣ್ಣು. ಕೋತಿಯ ಹಾಗೆ ನೆಗೆಯಲು ಅದಕ್ಕೆ ಬಾರದು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ, ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟು, ನಿಧಾನವಾಗಿ ದಾಟುತ್ತದೆ. ಆ ಊರಿನ ಆಚೆಗೊಂದು ಗುಡ್ಡ, ಈಚೆಗೊಂದು ಗುಡ್ಡ. ನಡುವೆ ಹೊಲಗಳು. ಬದುಗಳ ಮೇಲೆ ಸಾಲಾಗಿ ನಿಂತ ಹೊಂಗೆ, ಬೇವಿನ ಮರಗಳೇ ಕಾಡುಪಾಪಗಳ ದಾರಿ.

ಒಂದು ದಿನ ಹಾಲಿನ ಡೈರಿ ಮುಂದೆ ಊರವರೆಲ್ಲ ಸೇರಿದರು. ಬದುವಿನ ಮರ ಯಾರೂ ಕಡಿಯಬಾರದು, ದಾರಿ ಉಳಿಸಬೇಕು ಅಂತ ಮಾತಾಯಿತು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಸಣ್ಣೀರಮ್ಮ.

ಆಗ ಓಬಮ್ಮ ಎದ್ದು ನಿಂತಳು. ಗಂಡ ತೀರಿಕೊಂಡವಳು. ಸಣ್ಣೀರಮ್ಮನ ಹೊಲದ ಪಕ್ಕದಲ್ಲೇ ಅವಳದೊಂದು ತುಂಡು ಹೊಲ.

"ನಿಮ್ಮ ಹೊಲ ಅಗಲ. ನೆರಳು ಎಲ್ಲೋ ಒಂದು ಮೂಲೇಲಿ ಬೀಳುತ್ತೆ. ನಂದು ಅರ್ಧಕ್ಕರ್ಧ ನೆರಳೇ ಕಣ್ರಪ್ಪ, ರಾಗಿ ತೆನೆ ಕಟ್ಟಲ್ಲ. ಮರ ಇರ್ಲಿ. ಸುಗ್ಗೀಲಿ ಮನೆಗೊಂದು ಸೇರು ರಾಗಿ ಕೊಡಿ."

"ನೋಡ್ರಪ್ಪಾ, ಓಬಕ್ಕ ಕಾಡುಪಾಪದ ಹತ್ರ ಬಾಡಿಗೆ ಕೇಳ್ತಾವ್ಳೆ!" ಅಂದ ಹಿಂದಿನಿಂದ ಒಬ್ಬ. ಎಲ್ಲರೂ ನಕ್ಕರು.

ಓಬಮ್ಮ ಸಣ್ಣೀರಮ್ಮನ ಮುಖ ನೋಡಿದಳು. ಅವಳ ಮಾತು ನಿಜ ಅಂತ ಸಣ್ಣೀರಮ್ಮನಿಗೆ ಗೊತ್ತಿತ್ತು. ಆದರೆ ತಾನೊಬ್ಬಳೇ ಒಪ್ಪಿಕೊಂಡು, ನಾಳೆ ಎಲ್ಲರ ಪಾಲೂ ತನ್ನ ತಲೆಗೇ ಬಂದರೆ? ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸಿದಳು.

ಒಂದೆರಡು ಸುಗ್ಗಿ ಓಬಮ್ಮ ತಡೆದಳು. ಯಾರ ಮನೆಯಿಂದಲೂ ಸೇರು ರಾಗಿ ಬರಲಿಲ್ಲ. ಆಮೇಲೆ ಬಿತ್ತನೆಗೆ ಮುಂಚೆ ಬದುವಿನ ಹೊಂಗೆಗಳನ್ನು ಕಡಿಸಿಹಾಕಿದಳು.

"ಊರ ಮಾತು ಮುರಿದೆಯಲ್ಲೇ!" ಅಂತ ಜನ ಬೈದರು.

"ನಿಮ್ ಕೈ ಎತ್ತೋದಕ್ಕಷ್ಟೇ ಬಂತು, ಸೇರು ಹಿಡಿಯೋಕೆ ಬರ್ಲಿಲ್ಲ," ಅಂದಳು ಓಬಮ್ಮ.

ರಾಗಿ ಎದ್ದು ನಿಂತ ಕಾಲ. ಒಂದು ಬೆಳಗ್ಗೆ ನಾಯಿಗಳ ಗಲಾಟೆ ಕೇಳಿ ಸಣ್ಣೀರಮ್ಮ ಓಡಿದಳು. ಓಬಮ್ಮನ ಬದುವಿನ ಹತ್ತಿರ, ಮುಂದೆ ಕೊಂಬೆ ಸಿಗದೆ, ಕಾಡುಪಾಪವೊಂದು ನೆಲಕ್ಕೆ ಇಳಿದಿತ್ತು. ನಾಯಿಗಳನ್ನು ಅಟ್ಟುವಷ್ಟರಲ್ಲಿ ಅದರ ಜೀವ ಹೋಗಿತ್ತು. ಸಣ್ಣ ಬೆರಳುಗಳು ಒಂದು ರಾಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಕೊಂಬೆ ಅಂದುಕೊಂಡಿತ್ತೋ ಏನೋ.

ಸುಗ್ಗಿಯಲ್ಲಿ ಸಣ್ಣೀರಮ್ಮ ಒಂದು ಹೊಂಗೆ ಸಸಿ, ಮೊರದ ತುಂಬ ರಾಗಿ ತೆಗೆದುಕೊಂಡು ಓಬಮ್ಮನ ಹೊಲಕ್ಕೆ ಹೋದಳು.

"ಓಬಕ್ಕ, ಅವತ್ತೇ ಕೊಡಬೇಕಿತ್ತು. ಬೇರೆಯವರು ಕೊಡ್ಲಿ ಬಿಡ್ಲಿ, ವರ್ಷಾವರ್ಷ ನಾನು ಕೊಡ್ತೀನಿ. ಇದನ್ನ ಅದೇ ಜಾಗದಲ್ಲಿ ನೆಡೋಣ ಕಣಕ್ಕ."

ಓಬಮ್ಮ ತಲೆ ಎತ್ತಲಿಲ್ಲ. ಬಗ್ಗಿ ರಾಗಿ ಕೊಯ್ಯುತ್ತಲೇ ಇದ್ದಳು. ಆ ವರ್ಷ ತೆನೆ ಚೆನ್ನಾಗಿ ಕಟ್ಟಿತ್ತು.

ನೀತಿ: ಎಲ್ಲರಿಗೂ ಬೇಕಾದ್ದನ್ನು ಉಳಿಸುವ ಕಷ್ಟ ಒಬ್ಬರ ಹೊಲದ ಮೇಲೇ ಬೀಳಬಾರದು. ಪಾಲು ಕೇಳಿದಾಗಲೇ ಕೊಡಬೇಕು. ತಡವಾಗಿ ತಂದದ್ದನ್ನು ತೆಗೆದುಕೋ ಎಂದು ಯಾರನ್ನೂ ಬಲವಂತ ಮಾಡಲಾಗದು.